ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ? ಒಂದು ಕ್ಲಿಪ್ ಬಿದ್ದ ಕಥೆ

ಹಾಂ, ರೆಕಾರ್ಡ್ ಆಗುತ್ತಿದೆ. ಬಾನೆಟ್ ಎತ್ತಿದ್ದನ್ನು ಕತ್ತರಿಸಿಬಿಟ್ಟಿದ್ದೇನೆ, ಅದರಲ್ಲಿ ನೋಡುವಂಥದ್ದು ಏನಿದೆ ಅಲ್ವಾ. ಇದು ನಮ್ಮ ಮನೆ ಕಾರು. ಇಪ್ಪತ್ತು ವರ್ಷ ಹತ್ತಿರ ಬಂತು. ಓಡಿಸುವಾಗ ಎಲ್ಲರದ್ದು, ಕೆಟ್ಟಾಗ ನನ್ನದು.

ಈ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಎರಡು ಗೆರೆ ಕಾಣುತ್ತಿದೆಯಲ್ಲ, ಹೋದ ವಾರ ಮೇಲಿನ ಗೆರೆವರೆಗೂ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ತುಂಬಿಸಿದ್ದೆ. ಈಗ ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗಿದೆ. ಕಾರು ನಿಲ್ಲಿಸುವ ಜಾಗದಲ್ಲಿ ನೋಡಿದರೆ ಒಂದು ಹನಿಯೂ ಇಲ್ಲ. ರಾತ್ರಿಯೆಲ್ಲ ಅಡಿಗೆ ರಟ್ಟು ಹಾಸಿಟ್ಟಿದ್ದೆ, ಬೆಳಗ್ಗೆ ರಟ್ಟು ಹಾಗೇ ಒಣಗಿಕೊಂಡು ಬಿದ್ದಿತ್ತು.

ಕಳೆದ ವಿಡಿಯೋದಲ್ಲಿ ರೇಡಿಯೇಟರ್ ಮುಚ್ಚಳ ಬದಲಾಯಿಸಿ, ಮುಗೀತು ಕಥೆ ಅಂತ ಜಂಬದಿಂದ ಹೇಳಿದ್ದೆ. ಮುಗಿದಿರಲಿಲ್ಲ. ಮುಚ್ಚಳದ ರಬ್ಬರ್ ಸೀಳಿದ್ದಂತೂ ನಿಜ, ನೀವೇ ನೋಡಿದ್ದೀರಿ. ಆ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಡಬೇಕು, ಆಗಲೇ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದಕ್ಕೇ ಬಿಸಿ ಎಂಜಿನ್ ಮೇಲೆ ಮುಚ್ಚಳ ತಿರುಗಿಸಬೇಡಿ ಅನ್ನುವುದು. ಒತ್ತಡ ಇಳಿದ ತಕ್ಷಣ ಅಷ್ಟೂ ಉಕ್ಕಿ ಮುಖಕ್ಕೇ ಬರುತ್ತದೆ. ನನ್ನ ಎಂಜಿನ್ ನಿನ್ನೆಯಿಂದ ತಣ್ಣಗೆ ನಿಂತಿದೆ, ಹಾಗಾಗಿ ಇಷ್ಟು ಧೈರ್ಯ.

ಎಂಜಿನ್ ಒಳಗೆ ಕೂಲೆಂಟ್ ಆಯಿಲ್ ಜೊತೆ ಬೆರೆಯದ ಹಾಗೆ ತಡೆಯುವ ಪದರ, ಹೆಡ್ ಗ್ಯಾಸ್ಕೆಟ್, ಹೋಗಿರಬಹುದಾ ಅಂತ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಇಗೋ ಡಿಪ್‌ಸ್ಟಿಕ್, ಆಯಿಲ್ ಬಣ್ಣ ಸರಿ ಇದೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಥರ ಬಿಳಿ ಲೋಳೆ ಇಲ್ಲ. ಇದ್ದರೂ ತಕ್ಷಣ ಗಾಬರಿ ಬೀಳಬೇಡಿ, ಬರೀ ಹತ್ತಿರ ಹತ್ತಿರ ಓಡಾಡುವ ಕಾರಲ್ಲಿ ತೇವ ಕಟ್ಟಿಯೂ ಹಾಗಾಗುತ್ತದೆ. ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆಯೂ ಇಲ್ಲ. ಸದ್ಯ.

ಉಳಿದಿದ್ದು ಹೋಸ್‌ಗಳು. ಮೇಲಿನ ಹೋಸ್ ತುದಿಯಲ್ಲಿ ಸ್ವಲ್ಪ ಜಿನುಗಿದ ಹಾಗಿತ್ತು, ಕ್ಲಿಪ್ ಸರಿಸಿ ನೋಡೋಣ ಅಂತ ಹೋದೆ. ಇಲ್ಲಿಂದ ನೋಡಿ, ಈ ಶಾಟ್ ನಾನು ಕತ್ತರಿಸಿಲ್ಲ.

ಇದು ಸ್ಪ್ರಿಂಗ್ ಕ್ಲಿಪ್. ಎರಡು ಕಿವಿ ಇರುತ್ತವೆ, ಇಕ್ಕಳದಲ್ಲಿ ಒತ್ತಿದರೆ ಬಾಯಿ ಬಿಡುತ್ತದೆ. ಇದಕ್ಕೆ ಅಂತಲೇ ಬೇರೆ ಇಕ್ಕಳ ಸಿಗುತ್ತದೆ, ನನ್ನ ಹತ್ತಿರ ಇಲ್ಲ, ಇದರಲ್ಲೇ ಆಗುತ್ತದೆ ಬಿಡಿ ಅಂತ ಹಿಡಿದೆ. ಹಿಡಿದೆ, ಒತ್ತಿದೆ, ಸರಿಸಿದೆ, ಹೋಸ್ ಕಳಚಿ ಅದರ ತುದಿಯಿಂದ ಆಚೆಗೂ ತಂದೆ, ಅಷ್ಟರಲ್ಲಿ ಟಣ್. ಒಂದು ಸಲ ಟಣ್, ಕೆಳಗೆಲ್ಲೋ ಇನ್ನೊಂದು ಸಲ ಟಣ್, ಆಮೇಲೆ ಮೌನ. ನೆಲಕ್ಕೆ ಬಿದ್ದ ಸದ್ದೇ ಇಲ್ಲ! ಟಾರ್ಚ್ ಬಿಟ್ಟೆ, ಕಾಣಲಿಲ್ಲ. ಉದ್ದ ಕಡ್ಡಿಗೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟೆ, ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ಅದು ಹೋಗಿ ಅಂಟಿಕೊಂಡಿತು, ಕ್ಲಿಪ್ ಒಂದು ಬಿಟ್ಟು. ಬಾಗಿಲಲ್ಲಿ ನಿಂತಿದ್ದ ಅಪ್ಪ, "ಏನೋ ಬಿತ್ತು?" ಅಂದರು. "ಏನಿಲ್ಲಪ್ಪ" ಅಂದೆ. "ಏನಿಲ್ಲ ಅಂದರೆ ಏನೋ ದೊಡ್ಡದೇ ಬಿದ್ದಿದೆ" ಅಂತ ಹೇಳಿ ಒಳಗೆ ಹೋದರು.

ಎಂಜಿನ್ ಅಡಿಗೆ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ, ಕೆಸರು ಸಿಡಿಯಬಾರದು ಅಂತ. ಕ್ಲಿಪ್ ಹೋಗಿ ಕೂತಿದ್ದು ಅದರ ಮೇಲೆ. ತೆಗೆಯಬೇಕಾದರೆ ಏಳು ಸ್ಕ್ರೂ ಬಿಚ್ಚಬೇಕು, ಏಳೂ ತುಕ್ಕು. ಈ ಕವರ್ ಕಂಡುಹಿಡಿದವನು ಒಂದು ದಿನವೂ ರಿಪೇರಿ ಮಾಡಿರಲಿಕ್ಕಿಲ್ಲ. ಆರು ಬಂತು, ಏಳನೆಯದರ ತಲೆ ಮುರಿಯಿತು. ಮುಕ್ಕಾಲು ಗಂಟೆ ಹೋಯಿತು, ವಿಡಿಯೋ ವೇಗವಾಗಿ ಓಡಿಸಿದ್ದೇನೆ ನೋಡಿಕೊಳ್ಳಿ. ಅಂದ ಹಾಗೆ ಕಾರು ಸ್ಟ್ಯಾಂಡ್ ಮೇಲಿದೆ, ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ.

ಇದು ನಡೆಯುತ್ತಿರುವಾಗ ಕೂಲೆಂಟ್ ಬಣ್ಣದ ವಿಷಯ ಹೇಳಿಬಿಡುತ್ತೇನೆ. ಹಸಿರು ಇದ್ದರೆ ಹಸಿರು, ಗುಲಾಬಿ ಇದ್ದರೆ ಗುಲಾಬಿ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮ ಅಂತ ಏನೂ ಇಲ್ಲ, ತಯಾರಿಸುವವರು ತಮಗೆ ಬೇಕಾದ ಬಣ್ಣ ಹಾಕುತ್ತಾರೆ. ಕಾರಿನ ಪುಸ್ತಕದಲ್ಲಿ ಯಾವ ಜಾತಿ ಬರೆದಿದೆಯೋ ಅದೇ ಹಾಕಿ. ಹೊಂದದ ಎರಡು ಜಾತಿ ಬೆರೆತರೆ ಒಳಗೆ ಲೋಳೆ ಕಟ್ಟಬಹುದು. ಬೆರೆಸೋಕೆ ನಲ್ಲಿ ನೀರೂ ಬೇಡ, ಅದರ ಸುಣ್ಣ ಪಾತ್ರೆಗೆ ಕಟ್ಟುವ ಹಾಗೆ ರೇಡಿಯೇಟರ್‌ಗೂ ಕಟ್ಟುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕಿ. ಕೂಲೆಂಟ್ ಚೆಲ್ಲಿದರೆ ತಕ್ಷಣ ಒರೆಸಿ, ನಾಯಿ ಬೆಕ್ಕು ನೆಕ್ಕಿಬಿಡುತ್ತವೆ, ಅದು ವಿಷ, ಸತ್ತೇ ಹೋಗಬಹುದು... ಹಾಂ ಹಾಂ, ಕವರ್ ಬಂತು, ನೋಡಿ!

ಕ್ಲಿಪ್ ಪಕ್ಕದಲ್ಲೇ ಕಾಣುತ್ತಿದೆಯಲ್ಲ, ಒಣಗಿದ ಗುಲಾಬಿ ಕಲೆ. ಅಂಚು ಬಿಳಿ, ಉಗುರಲ್ಲಿ ಕೆರೆದರೆ ಹಿಟ್ಟಿನ ಹಾಗೆ ಉದುರುತ್ತದೆ. ಸೋರಿದ್ದೆಲ್ಲ ಇದರ ಮೇಲೆ ಬಿದ್ದು ಎಂಜಿನ್ ಶಾಖಕ್ಕೆ ಇಲ್ಲೇ ಒಣಗಿದೆ. ನನ್ನ ರಟ್ಟಿಗೆ ಹನಿ ಎಲ್ಲಿಂದ ಬರಬೇಕು! ಕವರ್‌ಗೆ ಬೈದಿದ್ದು ಅರ್ಧ ವಾಪಸ್. ಮುರಿದ ಸ್ಕ್ರೂ ಲೆಕ್ಕದ್ದು ಹಾಗೇ ಇರಲಿ.

ಕಲೆಯ ಜಾಡು ಹಿಡಿದು ಮೇಲೆ ಹೋದರೆ ವಾಟರ್ ಪಂಪ್, ಕೂಲೆಂಟನ್ನು ಎಂಜಿನ್ ಒಳಗೆಲ್ಲ ಓಡಾಡಿಸುವುದು ಇದೇ. ಅದರ ಅಡಿಯಲ್ಲಿ ಒಂದು ಸಣ್ಣ ತೂತು, ಅದು ಬೇಕಂತಲೇ ಬಿಟ್ಟಿರುವ ತೂತು. ಪಂಪಿನ ಒಳಗಿನ ಸೀಲ್ ಸವೆದರೆ ಕೂಲೆಂಟ್ ಬೇರಿಂಗ್‌ಗೆ ಹೋಗದೆ ಅಲ್ಲಿಂದ ಹೊರಗೆ ಬರಲಿ ಅಂತ. ನಮ್ಮದರ ಬಾಯಿ ಸುತ್ತ ಗುಲಾಬಿ ಉಪ್ಪು ಕಟ್ಟಿದೆ. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ, ಬೇರಿಂಗೂ ಹೋಗಿದೆ. ಹೊಸ ಮುಚ್ಚಳ ಒತ್ತಡ ಸರಿಯಾಗಿ ಹಿಡಿಯೋಕೆ ಶುರು ಮಾಡಿದ್ದಕ್ಕೇ ಸೋರಿಕೆ ಜಾಸ್ತಿ ಆಗಿರಬೇಕು. ನಾನು ಮಾಡಿದ ರಿಪೇರಿ ಚೆನ್ನಾಗೇ ಕೆಲಸ ಮಾಡಿದೆ ಅನ್ನಿ.

ಇಷ್ಟು ದಿನವೂ ಟೆಂಪರೇಚರ್ ಮುಳ್ಳು ನಡುವಲ್ಲೇ ಇತ್ತು. ಅದನ್ನು ನೋಡಿಕೊಂಡು ಸುಮ್ನೆ ಇರಬೇಡಿ. ಕೂಲೆಂಟ್ ತೀರಾ ಇಳಿದು ಸೆನ್ಸರ್ ಗಾಳಿಯಲ್ಲಿ ನಿಂತರೆ, ಎಂಜಿನ್ ಕಾಯುತ್ತಿದ್ದರೂ ಮುಳ್ಳು ಏನೂ ಆಗಿಲ್ಲ ಅನ್ನುವ ಹಾಗೇ ಕೂತಿರಬಹುದು.

ಪಂಪ್ ಬರುವವರೆಗೆ ಕಾರು ತೆಗೆಯುವುದಿಲ್ಲ, ಬೆಲ್ಟೂ ಜೊತೆಗೇ ಬದಲಾಯಿಸುತ್ತೇನೆ, ಹೇಗೂ ಬಿಚ್ಚಲೇಬೇಕು. ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವುದನ್ನು ಮುಂದಿನ ವಿಡಿಯೋದಲ್ಲಿ ನಿಧಾನವಾಗಿ ತೋರಿಸುತ್ತೇನೆ. ಈಗ ಕ್ಲಿಪ್ ವಾಪಸ್ ಹಾಕುತ್ತಿದ್ದೇನೆ, ಅದೇ ಇಕ್ಕಳ, ಕ್ಯಾಮೆರಾ ಸ್ವಲ್ಪ ಹತ್ತಿರ... ಹಿಡಿದೆ, ಒತ್ತಿದೆ...

ಟಣ್.