ಪ್ಲೈವುಡ್ ದೋಣಿಯಲ್ಲ, ಓರೆ ಹಲಗೆಯ ದೋಣಿ

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಅಮೆರಿಕದ ಪಿ.ಟಿ. ದೋಣಿಗಳ ಬಗ್ಗೆ ಮಾತಾಡ್ತೀನಿ ಅಂದಾಗ ಗೆಳೆಯರೊಬ್ಬರು ಕೇಳಿದರು, "ಆ ಪ್ಲೈವುಡ್ ದೋಣಿಗಳಾ?" ಅಂತ. ಇವತ್ತಿನ ಮಾತು ಅಲ್ಲಿಂದಲೇ ಶುರು. ಪಿ.ಟಿ. ಅಂದರೆ ಪಟ್ರೋಲ್ ಟಾರ್ಪಿಡೊ, ಗಸ್ತು ತಿರುಗುತ್ತಾ ಟಾರ್ಪಿಡೊ, ಅಂದರೆ ನೀರಿನೊಳಗೇ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ, ಹೊಡೆಯುವ ದೋಣಿ. ಪಟ್ರೋಲ್, ಪೆಟ್ರೋಲ್ ಅಲ್ಲ. ಪೆಟ್ರೋಲಿನ ಕಥೆಯೂ ಇದೆ, ಆಮೇಲೆ ಬರ್ತೀನಿ.

ಕಾರವಾರದ ಕಡಲ ತೀರದಲ್ಲಿ ನಿಲ್ಲಿಸಿರುವ ಐಎನ್ಎಸ್ ಚಪಲ್ ನೋಡಿದವರಿಗೆ ಇಂಥ ಚಿಕ್ಕ, ಚುರುಕು ಹಡಗಿನ ಅಂದಾಜು ಇರುತ್ತದೆ. ಅದು ಉಕ್ಕಿನದು, ಕ್ಷಿಪಣಿ ಹೊರುತ್ತಿದ್ದದ್ದು. ನಾನು ಹೇಳುತ್ತಿರುವುದು ಅದಕ್ಕಿಂತ ಗಿಡ್ಡ. ನ್ಯೂಜೆರ್ಸಿಯ ಬೇಯೋನ್‌ನಲ್ಲಿದ್ದ ಎಲ್ಕೊ ಕಂಪನಿಯ ದೋಣಿ 80 ಅಡಿ ಉದ್ದ. ಎರಡು ಬಸ್ಸು ಒಂದರ ಹಿಂದೊಂದು ನಿಲ್ಲಿಸಿದರೆ ಎಷ್ಟೋ ಅಷ್ಟು. ನ್ಯೂ ಆರ್ಲಿಯನ್ಸ್‌ನ ಹಿಗ್ಗಿನ್ಸ್ ಕಂಪನಿಯದು 78 ಅಡಿ.

ಈಗ ಈ ಪ್ಲೈವುಡ್ ಹೆಸರು ಎಲ್ಲಿಂದ ಬಂತು? ಯಾವ ಕಂಪನಿಯ ದೋಣಿ ತಗೋಬೇಕು ಅಂತ ನೋಡಲು 1941ರ ಜುಲೈನಲ್ಲಿ ಅಮೆರಿಕದ ನೌಕಾಪಡೆ ಕನೆಕ್ಟಿಕಟ್ ಬಳಿಯ ಕಡಲಲ್ಲಿ ಇವುಗಳನ್ನು ಓಡಿಸಿ ಪರೀಕ್ಷೆ ಮಾಡಿತು. ಜನ ಅದನ್ನು 'ಪ್ಲೈವುಡ್ ಡರ್ಬಿ' ಅಂತ ಕರೆದರು. ಕುದುರೆ ರೇಸಿನ ಹಾಗೆ ಅಂತ ತಮಾಷೆ. ಎಲ್ಕೊ ದೋಣಿ ಸುಮಾರು 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್, ಸರಾಸರಿಯಲ್ಲಿ ಓಡಿ ಗೆದ್ದಿತು. ರೇಸು ಮುಗಿಯಿತು, ಹೆಸರು ಮಾತ್ರ ಅಂಟಿಕೊಂಡಿತು. ಪ್ಲೈವುಡ್ ಇರಲೇ ಇಲ್ಲ ಅಂತಲ್ಲ. ಮೇಲಿನ ಕ್ಯಾಬಿನ್ನಿಗೆ, ಒಳಗಿನ ಅಡ್ಡಗೋಡೆಗಳಿಗೆ ಬಳಸಿದ್ದರು. ನೀರಿಗೆ ತಾಗುವ ಮೈ ಮಾತ್ರ ಗಟ್ಟಿ ಮಹಾಗನಿ ಹಲಗೆ.

ಆ ಮೈ ಕಟ್ಟಿದ ರೀತಿ ಇದೆಯಲ್ಲ, ಅದೇ ನನಗೆ ಇಷ್ಟ. ಮಲ್ಪೆಯಲ್ಲಿ ಮರದ ಮೀನುದೋಣಿ ಕಟ್ಟುವುದನ್ನು ನೋಡಿದ್ದೀರಿ ಅಲ್ವಾ? ಹಲಗೆಗಳು ಮೂತಿಯಿಂದ ಹಿಂಭಾಗದವರೆಗೆ ಉದ್ದುದ್ದ ಹೋಗುತ್ತವೆ. ಸಂದಿಗೆ ಹತ್ತಿ ತುರುಕುತ್ತಾರೆ. ನಿಧಾನ ಹೋಗುವ ದೋಣಿಗೆ ಅದು ಧಾರಾಳ ಸಾಕು. ಆದರೆ ಅಲೆಯಿಂದ ಅಲೆಗೆ ನೆಗೆಯುತ್ತಾ 40 ನಾಟ್‌ನಲ್ಲಿ ಓಡಿದರೆ ಮೈಯೆಲ್ಲ ತಿರುಚುತ್ತದೆ, ಒಂದು ಹಲಗೆ ಇನ್ನೊಂದರ ಪಕ್ಕದಲ್ಲಿ ಜಾರುತ್ತದೆ, ಸಂದಿ ಬಿಡುತ್ತದೆ.

ನನ್ನ ಕೈಯಲ್ಲಿರುವ ಈ ಎರಡು ತುಂಡು ನೋಡಿ. ಮೊದಲನೆಯದರಲ್ಲಿ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹಿಂದೆ ಎರಡು ಕಡ್ಡಿ ಬಡಿದಿದ್ದೇನೆ. ಮೂಲೆ ಹಿಡಿದು ಒತ್ತಿದರೆ ಚೌಕ ಹೋಗಿ ಓರೆಯಾಯಿತು. ಹಳೇ ತೋಟದ ಗೇಟು ಜೋತುಬಿದ್ದ ಹಾಗೆ. ಗೇಟಿಗೆ ನಮ್ಮ ಬಡಗಿ ಏನು ಮಾಡುತ್ತಾನೆ? ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಹೊಡೆಯುತ್ತಾನೆ. ಪಿ.ಟಿ. ದೋಣಿಯಲ್ಲಿ ಇಡೀ ಮೈಯೇ ಓರೆಪಟ್ಟಿ. ಒಳಪದರದ ಹಲಗೆಗಳೂ ಓರೆ, ಹೊರಪದರದವೂ ಓರೆ. ನಡುವೆ ಅಂಟಿನಲ್ಲಿ ನೆನೆಸಿದ ಕ್ಯಾನ್ವಾಸ್ ಬಟ್ಟೆ. ಇಗೋ ಎರಡನೇ ತುಂಡು, ನಾನು ಹಳೇ ಪಂಚೆ ಹರಿದು ಹಾಕಿದ್ದೇನೆ, ಕ್ಷಮಿಸಿ. ಇದನ್ನು ಒತ್ತಿ... ಅಲ್ಲಾಡುವುದಿಲ್ಲ. ಆ ಬಟ್ಟೆ ಹೊರಪದರದ ಸಂದಿಯಲ್ಲಿ ಬಂದ ನೀರನ್ನು ಒಳಪದರಕ್ಕೆ ಬಿಡುವುದಿಲ್ಲ.

ಇದನ್ನೆಲ್ಲ ಹಿಡಿದಿಡಲು ಒಂದೊಂದು ದೋಣಿಗೂ ಸಾವಿರಾರು ಕಂಚಿನ ಸ್ಕ್ರೂ, ತಾಮ್ರದ ರಿವೆಟ್. ಕಬ್ಬಿಣ ಹಾಕಿದರೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಎಲ್ಕೊದವರು ದೋಣಿಯನ್ನು ಬೋರಲು ಹಾಕಿ ಕಟ್ಟುತ್ತಿದ್ದರು. ಹಲಗೆ ಕೂರಿಸಿ ಮುಗಿದ ಮೇಲೆ ಹೊರಳಿಸಿ ನೆಟ್ಟಗೆ ಮಾಡುತ್ತಿದ್ದರು. ಯಾಕೆ ಅಂತ ನನಗೆ ಪುಸ್ತಕ ಓದಿ ತಿಳಿಯಲಿಲ್ಲ, ಪೆಟ್ಟು ತಿಂದೇ ತಿಳಿದದ್ದು. ಒಂದು ಮಾರುದ್ದದ ಮಾದರಿ ಮಾಡಲು ಹೋಗಿ, ನೆಟ್ಟಗೆ ನಿಲ್ಲಿಸಿಕೊಂಡೇ ತಳಕ್ಕೆ ಹಲಗೆ ಅಂಟಿಸಿದೆ. ಅಂಟೆಲ್ಲ ಸೋರಿ ಬೆಳಗ್ಗೆ ಎದ್ದು ನೋಡಿದರೆ ದೋಣಿ, ಮೇಜು, ಒಂದು ದಿನಪತ್ರಿಕೆ ಮೂರೂ ಒಂದಾಗಿದ್ದವು. ಬೋರಲು ಹಾಕಿದರೆ ಕೆಲಸಗಾರ ಕೆಳಮುಖವಾಗಿ ಸ್ಕ್ರೂ ತಿರುಗಿಸಬಹುದು, ಅಂಟು ಕೂತಲ್ಲೇ ಕೂರುತ್ತದೆ.

ಮರವೇ ಯಾಕೆ? ಉಕ್ಕು, ಅಲ್ಯೂಮಿನಿಯಂ ದೊಡ್ಡ ಹಡಗಿಗೆ, ವಿಮಾನಕ್ಕೆ ಬೇಕಿತ್ತು. ಎಲ್ಕೊದವರು ಶ್ರೀಮಂತರ ವಿಹಾರದೋಣಿ ಕಟ್ಟುತ್ತಿದ್ದವರು, ಮರದ ಕೆಲಸದಲ್ಲಿ ಅವರ ಕೈ ಪಳಗಿತ್ತು. ಮರ ಹಗುರ ಕೂಡ. ವೇಗ ಹೆಚ್ಚಿದ ಹಾಗೆ ದೋಣಿ ಮೂತಿ ಎತ್ತಿ ನೀರಿನ ಮೇಲೆ ಜಾರುತ್ತಾ ಹೋಗಬೇಕಲ್ಲ, ಭಾರವಿದ್ದರೆ ಅದು ಏಳುವುದೇ ಇಲ್ಲ.

ಈಗ ಪೆಟ್ರೋಲು. ಒಳಗೆ ಮೂರು ಪ್ಯಾಕರ್ಡ್ ಎಂಜಿನ್, ಒಂದೊಂದಕ್ಕೂ 12 ಸಿಲಿಂಡರ್. ಕುಡಿಯುವುದು ವಿಮಾನಕ್ಕೆ ಹಾಕುವ 100 ಆಕ್ಟೇನ್ ಪೆಟ್ರೋಲು. ಎಲ್ಕೊ ದೋಣಿಯ ಟ್ಯಾಂಕಿಗೆ 3,000 ಗ್ಯಾಲನ್, ನಮ್ಮ ಲೆಕ್ಕದಲ್ಲಿ 11,000 ಲೀಟರಿಗೂ ಜಾಸ್ತಿ. ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 500 ಗ್ಯಾಲನ್ ಖರ್ಚು, ಅಂದರೆ ಆರೇ ಗಂಟೆ. ನಡುವಿನ ಎಂಜಿನ್‌ನ ಶಾಫ್ಟ್ ನೇರ ಹಿಂದಕ್ಕೆ ಹೋಗುತ್ತಿತ್ತು. ಪಕ್ಕದ ಎರಡನ್ನು ಉಲ್ಟಾ ಕೂರಿಸಿದ್ದರು. ಅವುಗಳ ಶಕ್ತಿ ಮುಂದಕ್ಕೆ ಹೋಗಿ, ಗೇರ್‌ಬಾಕ್ಸಿನಲ್ಲಿ ತಿರುಗಿ ಹಿಂದಕ್ಕೆ ಬರುತ್ತಿತ್ತು. ಮರದ ಪೆಟ್ಟಿಗೆಯೊಳಗೆ ಅಷ್ಟು ಪೆಟ್ರೋಲು ಇಟ್ಟುಕೊಂಡು ರಾತ್ರಿ ಗಸ್ತು ಹೋಗುತ್ತಿದ್ದ ಆ ನಾವಿಕರ ಎದೆಗಾರಿಕೆ ನೋಡಿ.

ಸೊಲೊಮನ್ ದ್ವೀಪಗಳ ಹತ್ತಿರ 1943ರ ಆಗಸ್ಟ್ 2ರ ನಸುಕಿನ ಕತ್ತಲಲ್ಲಿ ಪಿ.ಟಿ. 109ಕ್ಕೆ ಜಪಾನಿನ ಅಮಗಿರಿ ಎಂಬ ಡಿಸ್ಟ್ರಾಯರ್, ಅಂದರೆ ದೊಡ್ಡ ಯುದ್ಧನೌಕೆ, ಗುದ್ದಿತು. ಕಮಾಂಡರ್ ಆಗಿದ್ದವರು ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ. ಅವರು ಸಂಗಡಿಗರೊಂದಿಗೆ ಬದುಕಿ ಬಂದ ಸಾಹಸದ ಕಥೆ ಹಲವರಿಗೆ ಗೊತ್ತು. ನನ್ನ ಕಣ್ಣು ಹೋಗುವುದು ಉಳಿದ ತುಂಡಿನ ಮೇಲೆ. ದೋಣಿ ಸೀಳಿಹೋಯಿತು, ನೀರಿನ ಮೇಲೆ ಪೆಟ್ರೋಲು ಉರಿಯಿತು, ಇಬ್ಬರು ಸತ್ತರು. ಆದರೆ ಮೂತಿಯ ಭಾಗ ಗಂಟೆಗಟ್ಟಲೆ ತೇಲುತ್ತಿತ್ತು. ಬದುಕಿದ 11 ಜನ ಅದನ್ನೇ ಹಿಡಿದುಕೊಂಡಿದ್ದರು. ಒಳಗೆ ನೀರು ಬಿಡದ ಅಡ್ಡಗೋಡೆಗಳಿದ್ದವು, ಅವು ಕೆಲಸ ಮಾಡಿದವು.

ಮರಕ್ಕೆ ಕೊರತೆಯೂ ಇತ್ತು. ಬಿಸಿ ಕಡಲಲ್ಲಿ ಮರ ಕೊರೆಯುವ ಹುಳ, ಕೊಳೆತ. ನೀರು ಹೀರಿ ಭಾರವಾದರೆ ವೇಗ ಇಳಿಯುತ್ತಿತ್ತು. ಯುದ್ಧ ಮುಗಿದ ಮೇಲೆ ಇವುಗಳನ್ನು ಸಾಕುವುದು ಯಾರಿಗೂ ಬೇಡವಾಯಿತು. ಫಿಲಿಪೀನ್ಸ್‌ನ ಸಮರ್ ದ್ವೀಪದ ತೀರಕ್ಕೆ ನೂರಕ್ಕೂ ಹೆಚ್ಚು ದೋಣಿ ಎಳೆದು, ಬೇಕಾದ ಸಾಮಾನು ಬಿಚ್ಚಿಕೊಂಡು, ಬೆಂಕಿ ಇಟ್ಟರು.

ಉಳಿದವು ಕೈಬೆರಳೆಣಿಕೆಯಷ್ಟು. ಹಿಗ್ಗಿನ್ಸ್ ಕಟ್ಟಿದ ಪಿ.ಟಿ. 305 ಯುದ್ಧದ ನಂತರ ಸಿಂಪಿ ಹಿಡಿಯುವ ದೋಣಿಯಾಗಿ ದುಡಿಯಿತು. 65 ಅಡಿಗಿಂತ ಉದ್ದವಿದ್ದರೆ ನಿಯಮ ಜಾಸ್ತಿ ಅಂತ ಮಾಲೀಕರು ಹಿಂದಿನ 13 ಅಡಿ ಕತ್ತರಿಸಿಯೇ ಬಿಟ್ಟರು! ಆಮೇಲೆ ನ್ಯೂ ಆರ್ಲಿಯನ್ಸ್‌ನ ಎರಡನೇ ಮಹಾಯುದ್ಧದ ಮ್ಯೂಸಿಯಂನಲ್ಲಿ ಸ್ವಯಂಸೇವಕರು ವರ್ಷಗಟ್ಟಲೆ ಕೂತು ಕಳೆದುಹೋದ ಭಾಗವನ್ನು ಹೊಸದಾಗಿ ಕಟ್ಟಿದರು. 2016ರಲ್ಲಿ ಅದು ಮತ್ತೆ ನೀರಿಗಿಳಿಯಿತು.

ಈ ಎರಡು ತುಂಡುಗಳನ್ನು ಹಿಂದಿನ ಸಾಲಿಗೆ ಕಳಿಸ್ತಾ ಇದ್ದೀನಿ. ಪಂಚೆ ಇರೋದನ್ನ ಬಲ ಹಾಕಿ ತಿರುಚಿ ನೋಡಿ, ಮುರಿದರೂ ಪರವಾಗಿಲ್ಲ.