ಈ ಪಿಸ್ಟನ್ ಯಾವ ಗಾಡಿಯದು?

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಸದ್ದು ಕೇಳಿಸುತ್ತೇನೆ. ಟಣ್... ಟಣ್... ಕೇಳಿಸಿತಲ್ವಾ? ಮೈಕಿನ ಮುಂದೆ ಒಂದು ಪಿಸ್ಟನ್ ಹಿಡಿದುಕೊಂಡಿದ್ದೇನೆ. ಪೆನ್ನಿನ ಹಿಂಬದಿಯಿಂದ ತಟ್ಟಿದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ. ಬಿರುಕು ಬಿಟ್ಟಿದ್ದರೆ ಸದ್ದಿನಲ್ಲೇ ಅನುಮಾನ ಬರುತ್ತದೆ. ಇದರ ಸದ್ದು ಗಟ್ಟಿಯಾಗಿದೆ.

ಪಿಸ್ಟನ್ ಅಂದರೆ ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುವ ಅಲ್ಯೂಮಿನಿಯಂ ಲೋಟ. ಬೋರಲು ಹಾಕಿದ ಲೋಟ ಅನ್ನಿ. ಅದರ ತಲೆಯ ಮೇಲೆ ಪೆಟ್ರೋಲು ಉರಿಯುತ್ತದೆ, ಆ ಒತ್ತಡಕ್ಕೆ ಅದು ಕೆಳಗಿಳಿಯುತ್ತದೆ, ಗಾಡಿ ಮುಂದೆ ಹೋಗುತ್ತದೆ.

ಇದು ನನಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ, ಭಾನುವಾರ ಬೆಳಿಗ್ಗೆ. ಎಣ್ಣೆ ಹೀರಿ ಕಪ್ಪಾದ ಕಾಗದದಲ್ಲಿ ಸುತ್ತಿತ್ತು. ಯಾವತ್ತೂ ಎಂಜಿನ್ನಿಗೆ ಹಾಕಿರದ ಹೊಸ ಮಾಲು. ಆದರೆ ಮೈಮೇಲಿನ ಗ್ರೀಸು ಎಷ್ಟೋ ವರ್ಷದಿಂದ ಕೂತು ಅಂಟಿನ ಹಾಗಾಗಿತ್ತು. ಅಂಗಡಿಯವರು, “ಬುಲೆಟ್ಟಿಂದು ಸಾರ್, ಹಳೇ ಇಂಗ್ಲೆಂಡ್ ಮಾಲು” ಅಂದರು. “ಹೇಗೆ ಗೊತ್ತಣ್ಣಾ?” ಅಂತ ಕೇಳಿದೆ. “ಅಳೆದು ನೋಡಿದೀನಿ. 70 ಇದೆ.”

ಅವರು ಸುಳ್ಳು ಹೇಳಲಿಲ್ಲ. 350 ಸಿಸಿ ಬುಲೆಟ್ಟಿನ ಬೋರು 70 ಮಿಲಿಮೀಟರ್, ಸ್ಟ್ರೋಕು 90. ಬೋರು ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಅಗಲ, ಸ್ಟ್ರೋಕು ಅಂದರೆ ಅದು ಮೇಲಿಂದ ಕೆಳಗೆ ಓಡುವ ದೂರ. ಮದರಾಸಿನಲ್ಲಿ 1955ರಿಂದ ಬುಲೆಟ್ ಕಟ್ಟಲು ಶುರು ಮಾಡಿದ ಮೇಲೆ ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆಲ್ಲ ಈ 70 ಬಾಯಿಪಾಠ. ಆದರೂ ಈ ಪಿಸ್ಟನ್ ಬುಲೆಟ್ಟಿನದಲ್ಲ. ಅದು ನನಗೆ ಹೇಗೆ ತಿಳಿಯಿತು ಅನ್ನುವುದನ್ನು ಇವತ್ತು ಹೇಳಬೇಕು. ಯಾಕೆಂದರೆ ಹಳೇ ಬಿಡಿಭಾಗಗಳು ತಪ್ಪು ಗಾಡಿಗೆ ಹೋಗಿ ಹಾಳಾಗುವುದನ್ನು ನಾನು ತುಂಬಾ ನೋಡಿದ್ದೇನೆ. ಹಾಗಾದಾಗ ಒಂದಲ್ಲ, ಎರಡು ಎಂಜಿನ್ನಿಗೆ ನಷ್ಟ. ಹಾಕಿಸಿಕೊಂಡ ಎಂಜಿನ್ ಕೆಡುತ್ತದೆ. ಅದಕ್ಕಾಗಿ ಕಾಯುತ್ತಿದ್ದ ಎಂಜಿನ್ ಕಾಯುತ್ತಲೇ ಇರುತ್ತದೆ.

ಹಳೇ ಬ್ರಿಟಿಷ್ 350 ಗಾಡಿಗಳ ಬೋರನ್ನು ಸ್ವಲ್ಪ ಕೇಳಿ. ವೆಲೋಸೆಟ್ ಮ್ಯಾಕ್ 68 ಮಿಲಿಮೀಟರ್. ಎರಡನೇ ಮಹಾಯುದ್ಧದ ಕಾಲದ ಮ್ಯಾಚ್‌ಲೆಸ್ ಜಿ3ಎಲ್ 69. ಬುಲೆಟ್ 70. ಬಿಎಸ್‌ಎ ಬಿ31ರದು 71. ಏರಿಯಲ್ ಎನ್‌ಎಚ್ 72. ಒಂದಕ್ಕೊಂದು ಒಂದೇ ಮಿಲಿಮೀಟರ್ ಅಂತರ! ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ಊರುಗಳು. 350 ಸಿಸಿ ಅನ್ನುವ ಒಂದೇ ಚೌಕಟ್ಟಿನೊಳಗೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹಿಡಿದರು. ಬೋರು ಸಣ್ಣದಾದರೆ ಸ್ಟ್ರೋಕು ಉದ್ದ, ಅಷ್ಟೇ.

ಅಷ್ಟಕ್ಕೇ ನಿಂತಿದ್ದರೆ ಸುಲಭವಿತ್ತು. ಆದರೆ ಎಂಜಿನ್ ಓಡಿ ಓಡಿ ಆ ಕೊಳವೆಯಿರುವ ಬ್ಲಾಕ್ ಸವೆಯುತ್ತದೆ. ಸವೆದ ಬ್ಲಾಕನ್ನು ಬೋರಿಂಗ್ ಮಾಡಿಸಿ ಸ್ವಲ್ಪ ಅಗಲ ಮಾಡುತ್ತಾರೆ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕುತ್ತಾರೆ. ಅದೇ ಓವರ್‌ಸೈಜ್. ಇಂಗ್ಲೆಂಡಿನವರು ಇದನ್ನು ‘ಥೌ’ ಲೆಕ್ಕದಲ್ಲಿ ಕೊಡುತ್ತಿದ್ದರು. ಒಂದು ಥೌ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು. 20 ಥೌ ಸುಮಾರು ಅರ್ಧ ಮಿಲಿಮೀಟರ್. 40 ಥೌ ಒಂದು ಮಿಲಿಮೀಟರಿಗಿಂತ ಕೂದಲೆಳೆ ಜಾಸ್ತಿ. 60 ಥೌ ಒಂದೂವರೆ.

ಈಗ ಲೆಕ್ಕ ಹಾಕಿ. 69ರ ಮ್ಯಾಚ್‌ಲೆಸ್‌ಗೆ 40 ಥೌ ಸೇರಿಸಿದರೆ ಎಷ್ಟಾಯಿತು? 70. ನಮ್ಮ ಬುಲೆಟ್ಟು!

500ರ ಗಾಡಿಗಳಲ್ಲೂ ಇದೇ ಕತೆ. ಬಿಎಸ್‌ಎ ಎಂ20ರ ಬೋರು 82. ಮ್ಯಾಚ್‌ಲೆಸ್ ಜಿ80ಯದು 82.5. ಎಂ20ಗೆ 20 ಥೌ ಸೇರಿಸಿದರೆ ಜಿ80ಯೇ ಬಂದು ನಿಲ್ಲುತ್ತದೆ. ಇನ್ನು ಎರಡು ಸಿಲಿಂಡರಿನ ದೊಡ್ಡ ಗಾಡಿಗಳನ್ನು ನೋಡಿ. ಬಿಎಸ್‌ಎ ಎ10, 650ರ ಗಾಡಿ, ಅದರ ಒಂದೊಂದು ಬೋರು 70. ಟ್ರಯಂಫ್ 650ರದು 71. ಅಂದರೆ 70 ಅಂತ ಅಳೆದ ಪಿಸ್ಟನ್ ಕೈಯಲ್ಲಿದ್ದರೆ, ಅದು ಬುಲೆಟ್ಟಿನದಿರಬಹುದು, ಎ10ರದಿರಬಹುದು, ಮ್ಯಾಚ್‌ಲೆಸ್‌ನ ಓವರ್‌ಸೈಜೂ ಇರಬಹುದು.

ಈ ಪಾಠ ನಾನು ಬೆಲೆ ಕೊಟ್ಟು ಕಲಿತದ್ದು. ಸುಮಾರು 20 ವರ್ಷದ ಹಿಂದೆ ಒಂದು ಬಿಎಸ್‌ಎ ಬಿ31 ಎಂಜಿನ್ ಬಿಚ್ಚಿದ್ದೆ. ಒಂದು ಅಂಗಡಿಯಲ್ಲಿ ಅದಕ್ಕೆ ಓವರ್‌ಸೈಜ್ ಪಿಸ್ಟನ್ ಕೊಟ್ಟರು. ನಾನು ಅಗಲ ಮಾತ್ರ ಅಳೆದೆ. ನೇರ ಹೋಗಿ ಬ್ಲಾಕನ್ನು ಆ ಅಳತೆಗೆ ಬೋರ್ ಮಾಡಿಸಿಬಿಟ್ಟೆ. ಮನೆಗೆ ಬಂದು ಜೋಡಿಸಲು ಕೂತರೆ ಪಿಸ್ಟನ್ನನ್ನು ಹಿಡಿದಿಡುವ ಪಿನ್ನೇ ಕೂರಲಿಲ್ಲ. ಕೊನೆಗೆ ನೋಡಿದರೆ ಅದು ಟ್ರಯಂಫ್ 650ರ ಪಿಸ್ಟನ್. ಕತ್ತರಿಸಿದ ಕಬ್ಬಿಣ ಮತ್ತೆ ಬರುತ್ತದೆಯೇ? ಅಗಲ ಮಾಡಿದ ಬ್ಲಾಕು ಅಗಲವೇ. ಆ ಗಾಡಿಯವರ ಮುಖ ನನಗೆ ಇವತ್ತಿಗೂ ನೆನಪಿದೆ. ಅವರ ತಂದೆಯ ಗಾಡಿ ಅದು. ಅವತ್ತಿನಿಂದ ಪಿನ್ನು, ಎತ್ತರ ಎರಡೂ ಹೊಂದುವವರೆಗೆ ನಾನು ಬ್ಲಾಕನ್ನು ಬೋರಿಂಗಿಗೆ ಕಳಿಸುವುದಿಲ್ಲ.

ಹಾಗಾದರೆ ಏನೇನು ನೋಡಬೇಕು?

ಅಗಲವನ್ನೇ ಮೊದಲು ನೋಡಿ, ಆದರೆ ಸರಿಯಾದ ಜಾಗದಲ್ಲಿ. ಪಿಸ್ಟನ್ ಕಣ್ಣಿಗೆ ದುಂಡಗೆ ಕಾಣುತ್ತದೆ, ದುಂಡಗಿಲ್ಲ. ಸ್ವಲ್ಪ ಮೊಟ್ಟೆಯಾಕಾರಕ್ಕೆ ಉಜ್ಜಿರುತ್ತಾರೆ. ತಲೆಯ ಕಡೆ ಬಿಸಿ ಜಾಸ್ತಿ, ಅಲ್ಲಿ ಹೆಚ್ಚು ಹಿಗ್ಗುತ್ತದೆ, ಅದಕ್ಕೇ ಅಲ್ಲಿ ಸಣ್ಣ ಮಾಡಿರುತ್ತಾರೆ. ಆದ್ದರಿಂದ ತಲೆಯ ಕಡೆ ಸುತ್ತಲೂ ಕೂರುವ ಉಂಗುರಗಳ, ಅಂದರೆ ರಿಂಗಿನ ಹತ್ತಿರ ಅಳೆದರೆ ಅಳತೆ ಕಡಿಮೆ ಬರುತ್ತದೆ. ಕೆಳಗಿನ ಅಂಚಿನ ಹತ್ತಿರ, ಪಿನ್ನಿನ ತೂತಿಗೆ ಅಡ್ಡಲಾಗಿ ಮೈಕ್ರೋಮೀಟರ್ ಹಿಡಿಯಬೇಕು. ಅಲ್ಲೂ ಬೋರಿಗಿಂತ ಮೂರು ನಾಲ್ಕು ಥೌ ಕಡಿಮೆಯೇ ಇರುತ್ತದೆ. ಓಡಾಡಲು ಜಾಗ ಬೇಕಲ್ವಾ?

ಆಮೇಲೆ ಪಿನ್ನಿನ ತೂತು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಉಕ್ಕಿನ ಪಿನ್ನು ಅದರಲ್ಲಿ ಕೂರುತ್ತದೆ. ನನ್ನ ಮಟ್ಟಿಗೆ ಅಗಲಕ್ಕಿಂತ ಇದು ಹೆಚ್ಚು ನಂಬಿಕೆಯ ಸಾಕ್ಷಿ. ಅಗಲ ಓವರ್‌ಸೈಜಿನಿಂದ ಬದಲಾಗುತ್ತದೆ, ಪಿನ್ನು ಹಾಗೆ ಬದಲಾಗುವುದಿಲ್ಲ. ಸ್ಟ್ಯಾಂಡರ್ಡ್ ಪಿಸ್ಟನ್ ಇರಲಿ, 60 ಥೌ ದಪ್ಪನೆಯದಿರಲಿ, ಒಂದೇ ಪಿನ್ನು.

ಮೂರನೆಯದು ಎತ್ತರ. ಪಿಸ್ಟನ್ನಿನ ಪೂರ್ತಿ ಎತ್ತರವಲ್ಲ, ಪಿನ್ನಿನ ನಡುವಿನಿಂದ ತಲೆಯ ಅಂಚಿನವರೆಗಿನ ಎತ್ತರ. ತುಂಬಾ ಜನ ಇದನ್ನು ಅಳೆಯುವುದೇ ಇಲ್ಲ. ಇದು ಎರಡು ಮಿಲಿಮೀಟರ್ ಹೆಚ್ಚಾದರೆ ಪಿಸ್ಟನ್ ಹೋಗಿ ವಾಲ್ವಿಗೋ, ಬ್ಲಾಕಿನ ಮೇಲಿನ ಮುಚ್ಚಳವಾದ ಹೆಡ್ಡಿಗೋ ಬಡಿಯಬಹುದು. ಕಡಿಮೆಯಾದರೆ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಬೀಳುತ್ತದೆ. ಕಿಕ್ ಹೊಡೆದು ಹೊಡೆದು ಕಾಲು ನೋವು ಬರುತ್ತದೆಯೇ ಹೊರತು ಗಾಡಿಗೆ ಜೀವ ಬರುವುದಿಲ್ಲ.

ತಲೆಯ ಆಕಾರವೂ ಮಾತಾಡುತ್ತದೆ. ಎಂ20 ಸೈಡ್ ವಾಲ್ವ್ ಎಂಜಿನ್. ವಾಲ್ವುಗಳು ಪಿಸ್ಟನ್ನಿನ ಮೇಲೆ ಇರುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತವೆ. ಹಾಗಾಗಿ ಅದರ ಪಿಸ್ಟನ್ನಿನ ತಲೆಯಲ್ಲಿ ವಾಲ್ವಿಗೆ ಜಾಗ ಬಿಡುವ ಹಳ್ಳಗಳು ಬೇಕಿಲ್ಲ. ಆ ಹಳ್ಳಗಳು ಕಂಡರೆ ಅದು ಎಂ20ಯದಲ್ಲ ಅಂತ ಅಂಗಡಿಯಲ್ಲೇ ನಿಂತು ಹೇಳಬಹುದು.

ನಮ್ಮ ಮೈಸೂರಿನ ಜಾವಾ, ಯೆಜ್ಡಿ ಪಿಸ್ಟನ್ ಗುರುತು ಹಿಡಿಯುವುದು ಇನ್ನೂ ಸುಲಭ. 65 ಮಿಲಿಮೀಟರ್ ಬೋರು, 75 ಸ್ಟ್ರೋಕು, ಟೂ ಸ್ಟ್ರೋಕ್. ರಿಂಗು ಕೂರುವ ಸಂದಿಯೊಳಗೆ ಉಗುರು ಆಡಿಸಿ ನೋಡಿ, ಸಣ್ಣ ಮೊಳೆಯಂಥದ್ದು ತಾಗುತ್ತದೆ. ಟೂ ಸ್ಟ್ರೋಕ್ ಬ್ಲಾಕಿನ ಗೋಡೆಯಲ್ಲಿ ಕಿಟಕಿಗಳಿರುತ್ತವೆ. ರಿಂಗು ತಿರುಗಿ ಅದರ ಬಾಯಿ ಕಿಟಕಿಗೆ ಸಿಕ್ಕರೆ ಮುರಿಯುತ್ತದೆ. ಆ ಮೊಳೆ ರಿಂಗನ್ನು ತಿರುಗದ ಹಾಗೆ ಹಿಡಿದಿರುತ್ತದೆ. ಈ ಗಾಡಿಗಳನ್ನು ಮಾಡುತ್ತಿದ್ದ ಮೈಸೂರಿನ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಆ ಪಿಸ್ಟನ್ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಇನ್ನೂ ಇದ್ದಾರೆ. ಅವರನ್ನು ಕಂಡರೆ ನನಗೆ ಖುಷಿ.

ಇನ್ನು ಸಂಖ್ಯೆಗಳು. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಎರಕ ಹೊಯ್ಯುವಾಗ ಅಚ್ಚಿನಲ್ಲೇ ಮೂಡುವ ಉಬ್ಬು ಸಂಖ್ಯೆ ಬೇರೆ, ಬಿಡಿಭಾಗದ ಸಂಖ್ಯೆ ಬೇರೆ. ಒಂದೇ ಎರಕದ ತುಂಡನ್ನು ಲೇತಿನಲ್ಲಿ ಬೇರೆ ಬೇರೆಯಾಗಿ ಕೊರೆದು ಎರಡು ಮಾಡೆಲ್‌ಗೆ ಎರಡು ಬಿಡಿಭಾಗ ಮಾಡಿರಬಹುದು. ಬಿಎಸ್‌ಎಯವರ ಬಿಡಿಭಾಗದ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ಮಾಡೆಲ್ ಗುಂಪನ್ನು ಹೇಳುತ್ತದೆ. 90 ಇದ್ದರೆ ಬ್ಯಾಂಟಮ್, 67 ಇದ್ದರೆ ಎ7 ಮತ್ತು ಎ10, 65 ಇದ್ದರೆ ಬಿ31, ಬಿ33ರ ಗುಂಪು. ಆದರೆ ಆ ಭಾಗ ಮೊದಲು ಎಲ್ಲಿ ಹುಟ್ಟಿತು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಆಮೇಲೆ ಅದೇ ಭಾಗ ಬೇರೆ ಗುಂಪಿಗೂ ಹೋಗಿರಬಹುದು. ಸಂಖ್ಯೆ ಸಿಕ್ಕಿತು ಅಂತ ಅಳೆಯುವುದನ್ನು ಬಿಡಬೇಡಿ.

ಈಗ ಈ ಪಿಸ್ಟನ್ನಿಗೆ ಬರುತ್ತೇನೆ. ಮನೆಗೆ ತಂದು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದೆ. ದಯವಿಟ್ಟು ಉಪ್ಪುಕಾಗದ ಹಾಕಬೇಡಿ, ಚಾಕುವಿನಿಂದ ಕೆರೆಯಬೇಡಿ. ಗುರುತುಗಳೆಲ್ಲ ಅಲ್ಲೇ ಅಳಿಸಿಹೋಗುತ್ತವೆ. ಗ್ರೀಸು ಕರಗಿದ ಮೇಲೆ ತಲೆಯ ಒಂದು ಅಂಚಿನಲ್ಲಿ ಸಣ್ಣ ಅಕ್ಷರ ಕಾಣಿಸಿತು. ಪ್ಲಸ್ 040.

ನನ್ನ ಎದೆ ಡವಗುಟ್ಟಿತು. 40 ಥೌ ಓವರ್‌ಸೈಜ್. ಅಂದರೆ ಇದು ಹುಟ್ಟಿನಿಂದ 70 ಅಲ್ಲ, 69. ಒಳಗೆ ಹೆಪೊಲೈಟ್ ಅಂತ ಹೆಸರಿತ್ತು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ತಯಾರಾಗುತ್ತಿದ್ದ ಪಿಸ್ಟನ್. ಜೊತೆಗೆ ಅವರ ಸಂಖ್ಯೆ. ಅವರ ಹಳೇ ಪಟ್ಟಿಯಲ್ಲಿ ಹುಡುಕಿದೆ. ಮ್ಯಾಚ್‌ಲೆಸ್ ಜಿ3ಎಲ್ ಅಂತಲೇ ಬಂತು, ಜೊತೆಗೆ ಎಜೆಎಸ್. ಎರಡೂ ಒಂದೇ ಕಾರ್ಖಾನೆಯ ಅಣ್ಣ ತಮ್ಮಂದಿರು. ಯುದ್ಧ ಮುಗಿದ ಮೇಲಿನ ಮೊದಲ ವರ್ಷಗಳಲ್ಲಿ ಎಜೆಎಸ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ ಬ್ಲಾಕಿನ ಮುಂದೆ, ಮ್ಯಾಚ್‌ಲೆಸ್‌ಗೆ ಹಿಂದೆ. ಒಳಗಿನ ಎಂಜಿನ್ ಹೆಚ್ಚುಕಡಿಮೆ ಒಂದೇ.

ಆದರೂ ವರ್ಷ ನೋಡಬೇಕು. ಜಿ3 ಅನ್ನುವ ಹೆಸರು ಹಾಗೇ ಉಳಿದರೂ 1962ರ ಹೊತ್ತಿಗೆ ಅದರ ಬೋರು 72ಕ್ಕೆ ಹೋಯಿತು. ಹೆಸರು ಕೇಳಿ ಪಿಸ್ಟನ್ ಕೊಟ್ಟರೆ ಅಲ್ಲೂ ತಪ್ಪುತ್ತದೆ. ಎಂಜಿನ್ ನಂಬರ್ ಕೇಳಿ, ಸಾಧ್ಯವಾದರೆ ಹಳೇ ಪಿಸ್ಟನ್ನನ್ನೇ ಪಕ್ಕದಲ್ಲಿಟ್ಟು ನೋಡಿ.

ನಾನು ಹಾಗೇ ಮಾಡಿದೆ. ಹಾಸನದ ಕಡೆ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಒಂದು ಜಿ3ಎಲ್ ಇದೆ. ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಈ ಮಾಡೆಲ್ ಸಾವಿರಗಟ್ಟಲೆ ಹೋಗಿತ್ತು. ಮೇಷ್ಟ್ರ ಗಾಡಿ ಎಷ್ಟೋ ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಬ್ಲಾಕು 20 ಥೌ ದಾಟಿ ಸವೆದಿದೆ. ಮುಂದಿನ ಅಳತೆ 40, ಆ ಪಿಸ್ಟನ್ನೇ ಅವರಿಗೆ ಸಿಕ್ಕಿರಲಿಲ್ಲ. ಕಳೆದ ತಿಂಗಳು ಹೋಗಿ ಅವರ ಹಳೇ ಪಿಸ್ಟನ್ ಪಕ್ಕ ಇದನ್ನಿಟ್ಟು ಅಳೆದೆ. ಎತ್ತರ ಹೊಂದಿತು. ಅವರ ಪಿನ್ನು ತೆಗೆದು ಇದರ ತೂತಿಗೆ ಹಾಕಿದೆ. ಎಣ್ಣೆ ಸವರಿ ಹೆಬ್ಬೆರಳಿನಿಂದ ಒತ್ತಿದರೆ ಮೆಲ್ಲಗೆ ಒಳಗೆ ಹೋಯಿತು. ಮೇಷ್ಟ್ರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕಾಫಿ ತಂದರು.

ಆಮೇಲೆ ಇದನ್ನು ವಾಪಸು ತಂದದ್ದು ನಿಮಗೆ ಈ ಸದ್ದು ಕೇಳಿಸಬೇಕು ಅಂತಲೇ. ಬ್ಲಾಕು ಈಗ ಬೋರಿಂಗ್ ಅಂಗಡಿಯಲ್ಲಿದೆ. ಪಿಸ್ಟನ್ ಕೈಗೆ ಬರುವವರೆಗೆ ಅವರು ಬ್ಲಾಕ್ ಮುಟ್ಟುವುದಿಲ್ಲ. ಅದೇ ಸರಿಯಾದ ಕ್ರಮ. ಭಾಷಣ ಮುಗಿದ ಕೂಡಲೇ ನಾನು ಇಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಹಾಸನಕ್ಕೆ ರಾತ್ರಿ ಬಸ್ಸಿದೆ. ಪಿಸ್ಟನ್ನನ್ನು ಅದೇ ಹಳೇ ಕಾಗದದಲ್ಲಿ ಸುತ್ತಿಡುತ್ತಿದ್ದೇನೆ.

ನಮಸ್ಕಾರ.