ಸಾಂಬಾರ್ ಈರುಳ್ಳಿಗೆ ಬೆಲೆ ಬೇಕಾದರೆ ಕಾಗದ ಊರಿಗೆ ಬರಬೇಕು

ನಮಸ್ಕಾರ ಎಲ್ಲರಿಗೂ. ಇವತ್ತು ಸಾಂಬಾರ್ ಈರುಳ್ಳಿ ವಿಚಾರ ಮಾತಾಡೋಣ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತಿರುವ ಬೆಳೆ. ಇದರ ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಮೇಲ್ಮಣ್ಣು ತೆಳುವಾಗಿದ್ದರೂ ನಡೆಯುತ್ತದೆ, ನೀರು ಮಾತ್ರ ನಿಲ್ಲಬಾರದು. ಎರಡೂವರೆ, ಮೂರು ತಿಂಗಳಿಗೆ ಕೈಗೆ ದುಡ್ಡು. ಸಣ್ಣ ರೈತ ಇದನ್ನು ನಂಬುವುದು ಅದಕ್ಕೇ.

ಆದರೆ ಲೆಕ್ಕ ಹಾಕಿ ನೋಡಿ. ಗಡ್ಡೆ ನೆಟ್ಟು ಬೆಳೆಯುವುದಾದರೆ ಎಕರೆಗೆ ಸುಮಾರು 600 ಕೆಜಿ ಬಿತ್ತನೆ ಬೇಕು. ಕೆಜಿಗೆ 40 ರೂಪಾಯಿ ಅಂತ ಹಿಡಿದರೂ 24,000 ರೂಪಾಯಿ ಆಯಿತು. ಇನ್ನೂ ಒಂದು ಸಲ ನೀರು ಕೂಡ ಬಿಟ್ಟಿಲ್ಲ! ಮಣ್ಣು ಬಡವಾಗಿದ್ದರೆ ಕೊಟ್ಟಿಗೆ ಗೊಬ್ಬರ ಇನ್ನೂ ಜಾಸ್ತಿ ಬೇಕು. ಕಳೆ ತೆಗೆಯಲು ಆಳು ಬೇಕು. ನೇರಳೆ ಮಚ್ಚೆ ರೋಗ ಬಂದರೆ ಔಷಧಿ ಹೊಡೆಯಬೇಕು. ಕೊನೆಗೆ ಕೀಳುವ ಹೊತ್ತಿಗೆ ಸುತ್ತಮುತ್ತಲಿನವರೆಲ್ಲ ಒಟ್ಟಿಗೆ ಕಿತ್ತಿರುತ್ತಾರೆ. ತಮಿಳುನಾಡು, ಕೇರಳದ ವ್ಯಾಪಾರಿ ಹೇಳಿದ್ದೇ ರೇಟು. ಮೋಡ ಕವಿದರೆ ಮುಗಿಯಿತು, ಕಾಯುವ ಧೈರ್ಯ ಯಾರಿಗೂ ಇರುವುದಿಲ್ಲ.

ಇಂಥ ಹೊಲದವರಿಗೆ ‘ಇಳುವರಿ ಹೆಚ್ಚಿಸಿ, ಲಾಭ ಮಾಡಿ’ ಅಂತ ಹೇಳುತ್ತಲೇ ಇರುವುದು ಅನ್ಯಾಯ. ತೆಳು ಮಣ್ಣಿಗೆ ಒಂದು ಮಿತಿ ಇದೆ. ಅವರ ಲಾಭ ಇರುವುದು ಮುಂದಿನ ಹೆಜ್ಜೆಯಲ್ಲಿ. ಬೆಂಗಳೂರಿನ ಮನೆಗಳಲ್ಲಿ ಸಣ್ಣ ಈರುಳ್ಳಿ ಸುಲಿಯುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಸುಲಿದು ಪ್ಯಾಕೆಟ್ ಮಾಡಿ ಕೊಟ್ಟರೆ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಆ ಕೆಲಸ ಊರಿನ ಸ್ತ್ರೀಶಕ್ತಿ ಸಂಘದಲ್ಲೇ ಆಗಬಹುದಲ್ವಾ?

ಆಗಬಹುದು. ಆದರೆ ಅಲ್ಲಿಂದಲೇ ಕಾನೂನು ಶುರುವಾಗುತ್ತದೆ. ತಾನು ಬೆಳೆದದ್ದನ್ನು ಹಾಗೆಯೇ ಮಾರುವ ರೈತನನ್ನು 2006ರ ಆಹಾರ ಸುರಕ್ಷತಾ ಕಾಯ್ದೆ ಹೊರಗಿಟ್ಟಿದೆ. ಅವನಿಗೆ ಜಿಎಸ್‌ಟಿ ನೋಂದಣಿಯೂ ಬೇಕಿಲ್ಲ. ಸುಲಿದು ಪ್ಯಾಕೆಟ್‌ಗೆ ಹಾಕಿದ ಕೂಡಲೇ ಅದು ಆಹಾರದ ವ್ಯಾಪಾರ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್ ಬೇಕು. ಚೀಟಿಯಲ್ಲಿ ಹೆಸರು, ವಿಳಾಸ, ತೂಕ, ಬೆಲೆ, ಪ್ಯಾಕ್ ಮಾಡಿದ ದಿನ ಎಲ್ಲ ಇರಬೇಕು. ಸುಲಿಯುವ ಯಂತ್ರ ಇಡುತ್ತೀರಾ? ಪಂಪ್‌ಸೆಟ್‌ಗೆ ಕೊಟ್ಟ ಉಚಿತ ಕರೆಂಟಿನಲ್ಲಿ ಓಡಿಸುವಂತಿಲ್ಲ, ಬೇರೆ ಕನೆಕ್ಷನ್ ತೆಗೆದುಕೊಳ್ಳಬೇಕು.

ಈ ನಿಯಮಗಳ ಬಗ್ಗೆ ನನಗೆ ತಕರಾರಿಲ್ಲ. ಸುಲಿದ ಈರುಳ್ಳಿ ಬೇಗ ಕೆಡುತ್ತದೆ. ತೊಳೆದ ನೀರು ಯಾವುದು, ಪ್ಯಾಕ್ ಮಾಡಿದವರು ಯಾರು ಅಂತ ತಿನ್ನುವವರಿಗೆ ಗೊತ್ತಾಗಬೇಕು. ಶುಲ್ಕವೂ ದೊಡ್ಡದಲ್ಲ. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ ಅಂತ ಇಟ್ಟರು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಮಾಡಿರುವ ಉದ್ಯಮ್ ನೋಂದಣಿಗಂತೂ ಒಂದು ಪೈಸೆಯೂ ಇಲ್ಲ.

ಕಷ್ಟ ಇರುವುದು ದಾರಿಯಲ್ಲಿ. ಎಲ್ಲವೂ ಆನ್‌ಲೈನ್. ಸಂಘದ ಹೆಣ್ಣುಮಕ್ಕಳು ಕೂಲಿ ಬಿಟ್ಟು, ಬಸ್ಸು ಹತ್ತಿ ಸೈಬರ್ ಸೆಂಟರ್‌ಗೆ ಹೋಗಬೇಕು. ನೂರು ರೂಪಾಯಿಯ ಕೆಲಸಕ್ಕೆ ಏಜೆಂಟ್ ಅದರ ಎಷ್ಟೋ ಪಟ್ಟು ಕೇಳುತ್ತಾನೆ. ಅರ್ಜಿಯಲ್ಲಿ ಏನೋ ಕೊರತೆ ಅಂತ ಇಮೇಲ್ ಬರುತ್ತದೆ. ಆ ಇಮೇಲ್ ಏಜೆಂಟನದು, ಇವರಿಗೆ ತಿಳಿಯುವುದೇ ಇಲ್ಲ. ಕೊನೆಗೆ ಚೀಟಿ ಇಲ್ಲದ ಪ್ಯಾಕೆಟ್ಟನ್ನು ಪಕ್ಕದ ಅಂಗಡಿಗೆ ಕೊಟ್ಟು ಸುಮ್ಮನಾಗುತ್ತಾರೆ. ದೊಡ್ಡ ಅಂಗಡಿ ಅದನ್ನು ಮುಟ್ಟುವುದಿಲ್ಲ. ಇನ್‌ಸ್ಪೆಕ್ಟರ್ ಬಂದಾರು ಅನ್ನುವ ಹೆದರಿಕೆ ಬೇರೆ.

ಸರ್ಕಾರ ಮನಸ್ಸು ಮಾಡಿದರೆ ಕಾಗದವೇ ರೈತನನ್ನು ಕಾಯುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಗುಲಾಬಿ ಈರುಳ್ಳಿಯನ್ನೇ ನೋಡಿ. ಅದನ್ನು ಬೆಳೆಯುವುದೇ ಹೊರದೇಶಕ್ಕೆ. 2020ರ ಸೆಪ್ಟೆಂಬರಿನಲ್ಲಿ ಈರುಳ್ಳಿ ರಫ್ತು ನಿಂತಾಗ ಬೆಳೆದವರು ಕಂಗಾಲಾದರು. ಅಕ್ಟೋಬರಿನಲ್ಲಿ ಚೆನ್ನೈ ಬಂದರಿನ ಮೂಲಕ 10,000 ಟನ್ ಕಳಿಸಲು ಕೇಂದ್ರ ಒಪ್ಪಿತು. 2023ರಲ್ಲಿ ಶೇ. 40 ಸುಂಕ ಬಿದ್ದಾಗಲೂ ಈ ತಳಿಗೆ ವಿನಾಯಿತಿ ಕೊಟ್ಟಿತು. ಎರಡು ಸಲವೂ ಕೇಳಿದ್ದು ನಮ್ಮ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ. ಯಾರ ಹತ್ತಿರ ಹೋಗಬೇಕು, ಏನು ತರಬೇಕು ಅನ್ನುವುದು ಸ್ಪಷ್ಟವಾಗಿತ್ತು.

ಸಾಂಬಾರ್ ಈರುಳ್ಳಿಯವರಿಗೂ ಆ ಸ್ಪಷ್ಟತೆ ಬೇಕು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆ, ಅಂದರೆ ಪಿಎಂಎಫ್‌ಎಂಇ, ಜಿಲ್ಲೆಗಳಲ್ಲಿ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿತು. ಸಾಲದ ಅರ್ಜಿಯ ಜೊತೆಗೆ ಎಫ್‌ಎಸ್‌ಎಸ್‌ಎಐ, ಉದ್ಯಮ್ ನೋಂದಣಿ ಮಾಡಿಸಿಕೊಡುವುದೂ ಅವರ ಕೆಲಸವೇ. ಅಂಥವರೊಬ್ಬರು ಸಂತೆಯ ದಿನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೂರಲಿ. ಆಧಾರ್, ಫೋಟೋ ತಂದವರ ಅರ್ಜಿಯನ್ನು ಅಲ್ಲೇ ತುಂಬಲಿ, ಅವರದೇ ಫೋನ್ ನಂಬರ್ ಹಾಕಲಿ. ನೋಂದಣಿ ಇಲ್ಲದ ಸಂಘ ಕಂಡರೆ ಅಧಿಕಾರಿ ಮೊದಲು ನೋಂದಣಿ ಮಾಡಿಸಲಿ, ನೋಟಿಸಿನ ಮಾತು ಆಮೇಲೆ.

ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ. ಬಾಯಿಮಾತಿಗೆ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿ ತೆಗೆದುಕೊಂಡೇ ಮನೆಗೆ ಬನ್ನಿ.